ಅಂಗೈಯ ಭಾರ

ಬಾಳಮ್ಮನ ಅಂಗೈಯಿಂದ ಇಷ್ಟಲಿಂಗ ಜಾರಿ ಬಿದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಅವಳಿಗೇ ಗೊತ್ತಾಗಿರಲಿಲ್ಲ. ಮೋರಟಗಿಯ ಮನೆಯ ದೇವರ ಕೋಣೆಯಲ್ಲಿ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದಳು. ಮುಂದಿದ್ದ ಪೂಜೆಯ ತಾಟು ಟಣ್ ಎಂದಾಗ ಬೆಕ್ಕು ಬಂತೇನೋ ಎಂದುಕೊಂಡಳು. ಕಣ್ಣು ತೆರೆದರೆ ಲಿಂಗ ತಾಟಿನಲ್ಲಿ ವಿಭೂತಿಯ ಪಕ್ಕದಲ್ಲಿ ಬಿದ್ದಿತ್ತು. ಎದೆಯ ಮುಂದೆ ಇರಬೇಕಾದ ಎಡಗೈ ಮೊಣಕಾಲಿನ ಆಚೆ ವಾಲಿತ್ತು. ಅಲ್ಲಿಗೆ ಅದನ್ನು ಒಯ್ದವರು ಯಾರು? ಅವಳಂತೂ ಒಯ್ದಿರಲಿಲ್ಲ.

ಅಂದಿನಿಂದ ಅವಳು ಲಿಂಗವನ್ನು ಕರಡಿಗೆಯಿಂದ ಹೊರಗೆ ತೆಗೆಯಲಿಲ್ಲ. ಮುಚ್ಚಿದ ಕರಡಿಗೆಗೇ ಕೈಮುಗಿದು ಏಳುತ್ತಿದ್ದಳು. ಬಿಟ್ಟು ಹೋಗುವವರ ಕೈಯಿಂದಲೇ ಲಿಂಗ ಜಾರುತ್ತದೆ ಎಂದು ಸಣ್ಣವಳಿದ್ದಾಗ ಅಜ್ಜಿ ಹೇಳಿದ್ದಳು. ಯಾರು ಯಾರನ್ನು ಬಿಟ್ಟು ಹೋಗುವುದು ಎಂದು ಆಗ ಕೇಳಿರಲಿಲ್ಲ.

ಬೇರೆ ವಿಚಿತ್ರಗಳೂ ನಡೆಯುತ್ತಿದ್ದವು. ಕಾಲಿನ ಚಪ್ಪಲಿ ದಾರಿಯಲ್ಲೇ ಉಳಿದು, ಅವಳು ಬರಿಗಾಲಲ್ಲಿ ಮನೆ ಮುಟ್ಟಿರುತ್ತಿದ್ದಳು. ಕರೆಂಟು ಹೋದರೆ ನಡೆಯಲು ಗೋಡೆಯ ಆಸರೆ ಬೇಕಾಗುತ್ತಿತ್ತು.

"ಕುಡದವ್ರಗತೆ ಜೋಲಿ ಹೊಡೀತಿಯಲ್ಲ, ನನಗೂ ಒಂದೀಟು ಉಳಸಬಾರದ?" ಎಂದು ಗಂಡ ಬಸಂತರಾಯ ನಗುತ್ತಿದ್ದ.

ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದವಳು ಬಚ್ಚಲಲ್ಲಿ ಬಿದ್ದ ದಿನ ಯಾರೂ ನಗಲಿಲ್ಲ. ಸೊಸೆ ವಿದ್ಯಾವತಿ ಅವಳನ್ನು ವಿಜಯಪುರದ ನರಗಳ ಡಾಕ್ಟರರ ಬಳಿ ಕರೆದೊಯ್ದಳು.

ಡಾಕ್ಟರರು ಅವಳ ಕಾಲಿನ ಹೆಬ್ಬೆರಳು ಹಿಡಿದರು. "ಕಣ್ಣ ಮುಚ್ಚರಿ ಯವ್ವಾ. ಬೆರಳ ಮ್ಯಾಲೈತೋ ಕೆಳಗೈತೋ ಹೇಳ್ರಿ."

"ಮ್ಯಾಲ."

"ಈಗ?"

"ಕೆಳಗ. ಅಲ್ಲಲ್ಲ, ಮ್ಯಾಲ."

"ಅತ್ತಿ, ಅವ್ರು ಇನ್ನೂ ಅಲುಗಾಡಿಸೇ ಇಲ್ಲ," ಎಂದಳು ವಿದ್ಯಾವತಿ ಮೆಲ್ಲಗೆ.

ಬಾಳಮ್ಮ ಕಣ್ಣು ತೆರೆದಳು. ಬೆರಳು ಮೊದಲಿನಿಂದಲೂ ಕೆಳಗೇ ಇತ್ತು. "ನನ್ನ ಬೆರಳು ನನಗ ಸುಳ್ಳ ಹೇಳಾಕತ್ತೈತೇನ್ರಿ?"

"ಸುಳ್ಳಲ್ರಿ. ಸುದ್ದೀನ ಮುಟ್ಟಿಸವಲ್ದು."

ರಕ್ತದ ವರದಿ ಬಂದ ಮೇಲೆ ಅವರು ಬಿಡಿಸಿ ಹೇಳಿದರು. "ಬೆನ್ನೆಲುಬಿನ ಎರಡೂ ಬದಿಗೆ ನರದ ಸಣ್ಣ ಸಣ್ಣ ಗಂಟು ಇರ್ತಾವ್ರಿ. ಕೈ ಎಲ್ಲೈತಿ, ಕಾಲ ಎಲ್ಲೈತಿ ಅನ್ನೋ ಸುದ್ದಿ ಅವುಗಳ ಮೂಲಕ ಮೆದುಳಿಗೆ ಹೋಗಬೇಕು. ನಿಮ್ಮ ಮೈ ಕಾಯೋ ಶಕ್ತಿ ತಾನ ತಪ್ಪು ತಿಳಕೊಂಡು ಆ ಗಂಟಿನ ಮ್ಯಾಲೆ ಬಿದ್ದೈತಿ. ಬಾಯಿ ಒಣಗೂದು, ಕಣ್ಣೀರು ಬತ್ತೂದು, ಅದೂ ಇದ ರೋಗದ್ದು."

ಬಾಳಮ್ಮನ ಮನಸ್ಸು ಕಣ್ಣೀರಿನ ಮಾತಿಗೇ ನಿಂತುಬಿಟ್ಟಿತು. ಹೋದ ವರ್ಷ ಇಂಡಿಯಲ್ಲಿ ತಮ್ಮ ತೀರಿಕೊಂಡಾಗ ಅವಳ ಕಣ್ಣಿಂದ ಹನಿ ಬಿದ್ದಿರಲಿಲ್ಲ. ಬೀಗರು ನೋಡಿದ್ದರು. ಅದೂ ರೋಗವೋ, ಮನಸ್ಸೇ ಕಲ್ಲಾಗಿತ್ತೋ? "ಆರಾಮ ಆಗ್ತೈತೇನ್ರಿ?" ಎಂದಷ್ಟೇ ಕೇಳಿದಳು.

"ಮುಂದ ಹೆಚ್ಚಾಗದಂಗ ಔಷಧ ಕೊಡ್ತೇನಿ. ಹೋದದ್ದು ತಿರುಗಿ ಬರ್ತೈತಿ ಅಂತ ಹೇಳಾಕ ಧೈರ್ಯ ಇಲ್ಲ. ಕೈಕಾಲಿಗೆ ಕಣ್ಣ ಕಾವಲು ಇಡ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಲಿಂಗ ಬಿದ್ದದ್ದನ್ನು ಸೊಸೆಗೆ ಹೇಳಿದಳು.

"ಪೂಜಾದಾಗ ಕಣ್ಣ ಯಾಕ ಮುಚ್ಚತಿದ್ರಿ?" ಎಂದು ವಿದ್ಯಾವತಿ ಕೇಳಿದಳು. "ಲಿಂಗದ ಮ್ಯಾಲ ನೋಟ ನೆಡಬೇಕಲ್ಲ?"

"ನಮ್ಮತ್ತಿ ಮುಚ್ಚತಿದ್ರು. ನಾನೂ ಮುಚ್ಚಿದೆ." ದೀಕ್ಷೆಯ ದಿನ ಅಯ್ಯನವರು ಲಿಂಗದಿಂದ ಕಣ್ಣು ಕೀಳಬೇಡ ಎಂದದ್ದು ಈಗ ನೆನಪಾಯಿತು. ಹಾಗಾದರೆ ತಪ್ಪು ಬೆನ್ನಿನ ಗಂಟಿನದೋ, ತನ್ನದೋ? ಬಸ್ಸು ಸಿಂದಗಿ ಮುಟ್ಟುವ ತನಕ ಯೋಚಿಸಿದರೂ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ಕರಡಿಗೆ ತೆರೆದಳು. ಕಣ್ಣು ಬಿಟ್ಟು ನೋಡುತ್ತಿರುವ ತನಕ ಕೈ ಕದಲಲಿಲ್ಲ. ಲಿಂಗ ಅಂಗೈ ಮೇಲೆ ಕಾಣುತ್ತಿತ್ತು, ಆದರೆ ಅದರ ಭಾರ ಅಂಗೈಗೆ ತಿಳಿಯಲಿಲ್ಲ. ತುಸು ಹೊತ್ತಿಗೆ ಒಣಗಿದ ಕಣ್ಣು ಉರಿಯತೊಡಗಿತು. ರೆಪ್ಪೆ ಬಡಿಯಲೂ ಹೆದರಿಕೆ.

"ವಿದ್ಯಾ, ಕಣ್ಣ ಉರಿಯಾಕತ್ತಾವ."

ವಿದ್ಯಾವತಿ ಬಂದು ಪಕ್ಕಕ್ಕೆ ಕೂತಳು. "ಮುಚ್ಚರಿ. ನಾ ಕೆಳಗ ಕೈ ಕೊಡ್ತೇನಿ."

ಬಾಳಮ್ಮ ಕಣ್ಣು ಮುಚ್ಚಿದಳು. "ಹಿಡಿದಿಯೇನು?"

"ಹಿಡಿದೇನ್ರಿ."

ಕಣ್ಣು ಮುಚ್ಚಿದೊಡನೆ ಅವಳ ಅರಿವಿಗೆ ತನ್ನ ಕೈಯೂ ಇಲ್ಲ, ಸೊಸೆಯ ಕೈಯೂ ಇಲ್ಲ, ಲಿಂಗವೂ ಇಲ್ಲ. ಅವಳು ತಾಟಿನ ಸದ್ದಿಗೆ ಕಿವಿಗೊಟ್ಟು ಕೂತಳು. ತಾಟು ಸದ್ದು ಮಾಡಲಿಲ್ಲ. ಉರಿ ಕಡಿಮೆಯಾದ ಮೇಲೂ ಅವಳು ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.