ದಿಮ್ಮಿಗೆ ನೀರು

ಮಳೆ ಜಿನುಗುತ್ತಿದ್ದ ಮೇ ತಿಂಗಳ ಒಂದು ಬೆಳಗ್ಗೆ ಡೆಸ್ಮಂಡ್ ಅಕ್ರಾಯ್ಡ್ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ಹಿತ್ತಿಲಲ್ಲಿ ನಿಂತಿದ್ದ. ಎದುರಿಗೆ ಅವನ ಎದೆಯೆತ್ತರದ ಒಂದು ಕಪ್ಪು ದಿಮ್ಮಿ. ಎಲೆಯಿಲ್ಲ, ಕೊಂಬೆಯಿಲ್ಲ. ಅದರ ನೆತ್ತಿಯ ಮೇಲೆ ಅವನು ಬಹಳ ಗೌರವದಿಂದ ನೀರು ಸುರಿಯುತ್ತಿದ್ದ.

"ಏನಪ್ಪಾ ಡೆಸ್, ನಿನ್ ಕಟ್ಟಿಗೆಗೆ ಈ ಮಳೆ ಸಾಲ್ತಾ ಇಲ್ವಾ?" ಕಲ್ಲುಗೋಡೆಯ ಆಚೆಯಿಂದ ಪಕ್ಕದ ಮನೆಯ ಗೋರ್ಡನ್ ಕೇಳಿದ. ಅವನ ಭುಜದ ಮೇಲೊಂದು ಪಾರಿವಾಳ ಕೂತಿತ್ತು.

"ಕಟ್ಟಿಗೆ ಅಲ್ಲ ಇದು. ಜರೀಗಿಡ. ಟ್ಯಾಸ್ಮೇನಿಯದ್ದು."

"ಸತ್ತಿರೋದು ಯಾವೂರಿಂದ ಬಂದ್ರೇನು? ಒಣಗಿದ ಮೇಲೆ ಹೇಳು, ನಮ್ಮನೆ ಒಲೆ ಖಾಲಿ ಇದೆ."

ಡೆಸ್ಮಂಡ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನೈದು ವರ್ಷದಿಂದ ಗೋರ್ಡನ್ನನ ಬಾಯಿಗೆ ಈ ಹಿತ್ತಿಲೇ ಮೇವು. ಹ್ಯಾಲಿಫ್ಯಾಕ್ಸಿನಂಥ ಚಳಿಯೂರಿನ ಗುಡ್ಡದ ಮೇಲೆ, ಮಸಿ ಹಿಡಿದ ಕಲ್ಲುಮನೆಗಳ ಸಾಲಿನ ಹಿಂದೆ, ಒಬ್ಬ ಮನುಷ್ಯ ಬಾಳೆ ಬೆಳೆಸುತ್ತೇನೆಂದು ಹೊರಟರೆ ಯಾರು ಸುಮ್ಮನಿರುತ್ತಾರೆ? ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಡೆಸ್ಮಂಡ್‌ಗೆ ಮಾತ್ರ ಅದೊಂದು ರಿಪೇರಿ ಕೆಲಸದಂತೆ ಕಂಡಿತ್ತು. ಗಾಳಿ ತಡೆಯಲು ಬೇಲಿ, ಬಿಸಿಲು ಹಿಡಿಯಲು ದಕ್ಷಿಣದ ಗೋಡೆ, ನವೆಂಬರ್ ಬಂತೆಂದರೆ ಬಾಳೆಯ ಸುತ್ತ ತಂತಿಬಲೆ, ಅದರೊಳಗೆ ಒತ್ತಾಗಿ ಗೋಧಿಹುಲ್ಲು, ಮೇಲೊಂದು ಬಿಳಿ ಹೊದಿಕೆ. ಚಳಿಗಾಲದುದ್ದಕ್ಕೂ ಹಿತ್ತಿಲು ಮುಸುಕು ಹಾಕಿಕೊಂಡ ಅಜ್ಜಿಯರ ಸಭೆಯಂತೆ ಕಾಣುತ್ತಿತ್ತು. ಏಪ್ರಿಲ್ ಕೊನೆಗೆ ಹುಲ್ಲು ಬಿಚ್ಚಿದರೆ ಒಳಗೆ ಹಸಿರು. ಬಾಳೆ ಗೊನೆ ಬಿಟ್ಟರೂ ಹಣ್ಣಾಗುತ್ತಿರಲಿಲ್ಲ. ಅದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಆ ಅಗಲವಾದ ಎಲೆಯ ಮೇಲೆ ಯಾರ್ಕ್‌ಶೈರಿನ ಮಳೆ ಬೀಳುವ ಸದ್ದಿಗಾಗಿಯೇ ಅವನು ಇಷ್ಟೆಲ್ಲ ಒದ್ದಾಡುತ್ತಿದ್ದ.

ಆದರೆ ಈ ದಿಮ್ಮಿ ತನಗಾಗಿ ತಂದದ್ದಲ್ಲ, ಮಾವಿಸ್‌ಗಾಗಿ.

ಅವನ ಹೆಂಡತಿ ಮಾವಿಸ್ ಹುಡುಗಿಯಾಗಿದ್ದಾಗ ಶಾಲೆಯವರು ಒಂದು ದೊಡ್ಡ ಗಾಜಿನ ಮನೆಗೆ ಕರೆದೊಯ್ದಿದ್ದರು. ಅಲ್ಲಿ ಮರದಷ್ಟೆತ್ತರದ ಜರೀಗಿಡದ ಕೆಳಗೆ ನಿಂತು ಅವಳು ಮೇಲೆ ನೋಡಿದ್ದಳು. ಎಷ್ಟು ಹೊತ್ತು ನೋಡಿದಳೆಂದರೆ, ಬಸ್ಸು ಅವಳನ್ನು ಬಿಟ್ಟು ಹೊರಟೇಹೋಗಿತ್ತು. ಆಮೇಲೆ ಕಾರ್ಪೆಟ್ ಗಿರಣಿಯಲ್ಲಿ ಕೆಲಸ, ಮದುವೆ, ಮಕ್ಕಳು. ನಿವೃತ್ತರಾದ ಮೇಲೆ ಆ ಗಿಡಗಳ ಕಾಡನ್ನೇ ನೋಡಿ ಬರೋಣವೆಂದು ಇಬ್ಬರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಅವಳ ಎದೆ ಕೈಕೊಟ್ಟಿತು. ವಿಮಾನ ಹತ್ತುವಂತಿಲ್ಲ, ಶರತ್ಕಾಲದ ಹೊತ್ತಿಗೆ ಎದೆ ತೆರೆದು ಹೃದಯದ ಕವಾಟ ಬದಲಿಸಬೇಕು ಎಂದರು ಡಾಕ್ಟರು. ಮಾವಿಸ್ ಅಳಲಿಲ್ಲ. ಚಹಾ ಬಗ್ಗಿಸುತ್ತಾ, "ಅದಕ್ಕೆ ಮುಂಚೆ ಒಂದ್ಸಲ ಆ ಗಿಡದ ಕೆಳಗೆ ಮಲಗಿ ಮೇಲೆ ನೋಡ್ಬೇಕಿತ್ತು ಕಣೋ," ಎಂದಳು, ಅಷ್ಟೆ. ಮರುವಾರವೇ ಡೆಸ್ಮಂಡ್ ತನ್ನ ಹಳೆಯ ಮೋಟಾರ್‌ಬೈಕ್ ಮಾರಿ ದಿಮ್ಮಿ ತರಿಸಿದ.

ಈ ಗಿಡ ಬರುವುದೇ ಹಾಗೆ. ಬೇರು ಕತ್ತರಿಸಿ, ಗರಿ ಕತ್ತರಿಸಿ, ಬರೀ ಕಾಂಡವನ್ನು ಹಡಗಿನಲ್ಲಿ ಕಳಿಸುತ್ತಾರೆ. ನೆಟ್ಟು ನೀರು ತೋರಿಸಿದರೆ ಎದ್ದು ಕೂರುತ್ತದೆಯಂತೆ. ವರ್ಷಕ್ಕೆ ಬೆರಳಗಲ ಬೆಳೆಯುತ್ತದೆ ಎಂದು ಕೇಳಿ ಮಾವಿಸ್ ಅದರ ಮೈಮೇಲೆ ಕೈಯಾಡಿಸಿ, "ಹಂಗಾದ್ರೆ ಇದು ನನ್ನ ವಾರಿಗೆಯವಳು," ಎಂದಿದ್ದಳು.

ಗುಂಡಿ ತೋಡಿದ ದಿನ ಅವಳೇ ಕೇಳಿದಳು. "ಡೆಸ್, ಇದರ ತಲೆ ಯಾವ ಕಡೆ?"

"ಇದೇನು ಪ್ರಶ್ನೆ? ಕೂದಲು ಕೂದಲಾಗಿ ಒರಟಾಗಿರೋದು ಬೇರಿನ ಕಡೆ. ನೀಟಾಗಿ ಗರಗಸದಲ್ಲಿ ಕೊಯ್ದಿರೋದು ತಲೆ, ಎಲೆ ತೆಗೆದಿದಾರಲ್ಲ."

"ಕೊಟ್ಟೋರಿಗೆ ಒಂದ್ಮಾತು ಕೇಳ್ಬಹುದಿತ್ತು."

"ಬಸ್ ಇಂಜಿನ್ನೇ ಬಿಚ್ಚಿ ಜೋಡಿಸಿದೋನು ಕಣೇ ನಾನು. ಒಂದು ಮರದ ತಲೆ ಕಾಲು ಗೊತ್ತಾಗಲ್ವಾ?"

ಅವನು ಒರಟು ತುದಿಯನ್ನು ಗೇಣುದ್ದ ಆಳಕ್ಕೆ ಇಳಿಸಿ, ಎಲೆಗೊಬ್ಬರ ತುಂಬಿ, ಕಾಲಿನಿಂದ ಒತ್ತಿದ.

ಜೂನ್ ಬಂತು, ಬಾಳೆ ಗೋಡೆ ಮೀರಿತು, ದಿಮ್ಮಿ ಮಾತ್ರ ದಿಮ್ಮಿಯಾಗಿಯೇ ಇತ್ತು. ಜುಲೈಯಲ್ಲಿ ಅದು ಒಂದು ಕಡೆಗೆ ವಾಲಿತು, ಬುಡದ ಮಣ್ಣು ಬಿರುಕು ಬಿಟ್ಟು ಉಬ್ಬಿತು.

"ಹೆಗ್ಗಣ ಹೊಕ್ಕಿದೆ," ಎಂದ ಗೋರ್ಡನ್, ತಾನೇ ಕಣ್ಣಾರೆ ಕಂಡವನಂತೆ.

ಡೆಸ್ಮಂಡ್ ದಿಮ್ಮಿಯನ್ನು ನೆಟ್ಟಗೆ ಮಾಡಿ, ಗೂಟ ಹೊಡೆದು, ಹಗ್ಗ ಬಿಗಿದ. ಉಬ್ಬಿದ ಮಣ್ಣನ್ನು ಬೂಟುಗಾಲಿನಿಂದ ತುಳಿದು ಸಮ ಮಾಡಿದ. ವಾರ ಕಳೆಯುವಷ್ಟರಲ್ಲಿ ಮಣ್ಣು ಮತ್ತೆ ಉಬ್ಬಿತು. ಅವನು ಮತ್ತೆ ತುಳಿದ. ಮಾವಿಸ್ ಅಡುಗೆಮನೆಯ ಕಿಟಕಿಯಿಂದ ದಿನಾ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಅವಳು ಕೇಳದಿರುವುದೇ ಅವನನ್ನು ಕೊರೆಯುತ್ತಿತ್ತು.

ಆಗಸ್ಟಿನಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಸೆಪ್ಟೆಂಬರ್ ಮಧ್ಯದ ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು. ಫೋನಿಟ್ಟ ಮಾವಿಸ್ ಕಿಟಕಿಯತ್ತ ನೋಡಿ, ಬೇಗನೆ ಕಣ್ಣು ತೆಗೆದಳು. ಸತ್ತ ಕೊರಡೊಂದನ್ನು ದಿನಾ ನೋಡಿಕೊಂಡೇ ಇವಳು ಆಪರೇಷನ್ ಮೇಜಿನ ಮೇಲೆ ಮಲಗುವುದು ಬೇಡ ಎಂದು ಡೆಸ್ಮಂಡ್‌ಗೆ ಅನ್ನಿಸಿತು. ಅವಳು ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋದ ದಿನ ಹಾರೆ ತೆಗೆದುಕೊಂಡು ಹಿತ್ತಿಲಿಗೆ ಇಳಿದ.

ಹಗ್ಗ ಬಿಚ್ಚಿ, ಬುಡಕ್ಕೆ ಹಾರೆ ಕೊಟ್ಟು ಮೀಟಿದ. ದಿಮ್ಮಿ ನಿಧಾನವಾಗಿ ಪಕ್ಕಕ್ಕೆ ಮಲಗಿತು. ಅವನು ಗುಂಡಿಯೊಳಗೆ ಬಗ್ಗಿ ನೋಡಿದವನು ಹಾಗೆಯೇ ಮೊಣಕಾಲೂರಿ ಕೂತುಬಿಟ್ಟ.

ಮಣ್ಣಿನೊಳಗೆ ಮುಷ್ಟಿಗಳಿದ್ದವು. ಕಂದು ರೋಮ ಹೊದ್ದ, ಬಿಗಿಯಾಗಿ ಸುತ್ತಿಕೊಂಡ ಎಳೆಗರಿಯ ಹಲವಾರು ಸುರುಳಿಗಳು, ಎಳೆಮಗುವಿನ ಕೈಯಷ್ಟೇ ದಪ್ಪ. ಅವು ಮೊದಲು ಕೆಳಗೆ ಹೋಗಿದ್ದವು. ಎಲ್ಲೋ ಏನೋ ತಪ್ಪಾಗಿದೆ ಎಂದು ತಿಳಿದು ತಿರುಗಿದ್ದವು. ಬೆಳಕೇ ಇಲ್ಲದ ಜಾಗದಲ್ಲಿ ಮೇಲೆ ಯಾವುದು ಎಂದು ಅವುಗಳಿಗೆ ಯಾರು ಹೇಳಿದರು? ಬಾಗಿ, ಬಳುಕಿ, ಅಷ್ಟು ಭಾರದ ದಿಮ್ಮಿಯನ್ನೇ ಎತ್ತಿ ವಾಲಿಸಿ, ಮಣ್ಣನ್ನು ಸೀಳಿ ಮೇಲಕ್ಕೆ ಬರುತ್ತಿದ್ದವು. ಕೆಲವುಗಳ ತುದಿ ಜಜ್ಜಿ ಕಪ್ಪಾಗಿತ್ತು. ಅದು ತನ್ನದೇ ಬೂಟಿನ ಗುರುತೆಂದು ಅವನಿಗೆ ಗೊತ್ತಾಯಿತು. ಜಜ್ಜಿದ್ದರ ಪಕ್ಕದಲ್ಲೇ ಇನ್ನೊಂದು ಹೊರಟಿತ್ತು. ಡೆಸ್ಮಂಡ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ನೆಲದ ಕೆಳಗೆ ಇಷ್ಟೆಲ್ಲ ನಡೆದಿತ್ತು, ಅವನು ಮೇಲೆ ನಿಂತು ಅದರ ಕಾಲಿಗೆ ನೀರು ಹಾಕುತ್ತಿದ್ದ.

ಮಾವಿಸ್ ಬಂದಾಗಲೂ ಅವನು ಅಲ್ಲೇ ಕೂತಿದ್ದ. ಅವಳು ಗುಂಡಿ ನೋಡಿದಳು, ದಿಮ್ಮಿ ನೋಡಿದಳು, ಗಂಡನ ಮುಖ ನೋಡಿದಳು.

"ತಲೆಕೆಳಗು ನೆಟ್ಟಿದ್ದೆ," ಎಂದ ಡೆಸ್ಮಂಡ್. "ನೀನು ಕೇಳಿದ್ದೆ. ನಾನೇ ಕೇಳ್ಲಿಲ್ಲ."

ಬೈಯುತ್ತಾಳೆಂದುಕೊಂಡಿದ್ದ. ಅವಳು ಮೆಲ್ಲಗೆ ಅವನ ಪಕ್ಕ ಕೂತು ಒಂದು ಸುರುಳಿಯ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಗೋರ್ಡನ್‌ನ ಕರಿ," ಎಂದಳು ಕೊನೆಗೆ. "ಇಬ್ರೂ ಸೇರಿ ಎತ್ತಿ ನಿಲ್ಸಿ. ಬಡಪಾಯಿಗೆ ತಲೆ ತಿರುಗ್ತಿರ್ಬೇಕು."

ಗೋರ್ಡನ್ ಗೋಡೆ ಹತ್ತಿ ಬಂದು ಗುಂಡಿಗೆ ಇಣುಕಿದ. ಅವನ ಬಾಯಿಂದ ಒಂದು ಚುಚ್ಚುಮಾತೂ ಹೊರಡಲಿಲ್ಲ. "ಹುಷಾರು, ನನ್ನ ಕಡೆಯವು ಮುರಿದಾವು," ಎಂದಷ್ಟೇ ಹೇಳುತ್ತಾ ದಿಮ್ಮಿಗೆ ಹೆಗಲು ಕೊಟ್ಟ. ಅಂದಿನಿಂದ ಅವನೂ ಬೆಳಗ್ಗೆ ಗೋಡೆಯ ಮೇಲಿಂದಲೇ ಅದಕ್ಕೆ ಪೈಪಿನಲ್ಲಿ ನೀರು ಬಿಡತೊಡಗಿದ.

ಆ ಬೇಸಿಗೆಯ ಕೊನೆ ಹಿತವಾಗಿತ್ತು. ನೆತ್ತಿಯ ಸುರುಳಿಗಳು ನಿಂತಲ್ಲೇ ಬಿಚ್ಚಿಕೊಳ್ಳತೊಡಗಿದವು. ಬೆಳಗ್ಗೆ ಚಹಾ ಹಿಡಿದು ನೋಡಿದ್ದಕ್ಕೂ ಮಧ್ಯಾಹ್ನ ನೋಡಿದ್ದಕ್ಕೂ ವ್ಯತ್ಯಾಸ ಕಾಣುತ್ತಿತ್ತು. ಸುರುಳಿಯೊಳಗೆ ಪುಟ್ಟ ಸುರುಳಿ, ಅದರೊಳಗೆ ಇನ್ನೂ ಪುಟ್ಟದು, ಒಂದೊಂದೂ ತನ್ನ ಸರದಿ ಬಂದಾಗ ಬಿಚ್ಚುತ್ತಿತ್ತು. ಮೊದಲ ಗರಿಗಳು ಮಣ್ಣಲ್ಲಿ ತಿರುಗಿದ ಕಡೆ ಡೊಂಕಾಗಿಯೇ ಉಳಿದವು. ಡೆಸ್ಮಂಡ್ ಕತ್ತರಿಸಲು ಹೋದಾಗ ಮಾವಿಸ್ ಕತ್ತರಿ ಕಿತ್ತುಕೊಂಡಳು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಅವನು ಗಿಡದ ಕೆಳಗೆ ಹಾಸಿಗೆ ಹಾಸಿದ. ಮಾವಿಸ್ ಮಲಗಿದಳು. ಅವಳ ಮೇಲೆ ನಾಲ್ಕೈದು ಗರಿಗಳು ಚಾಚಿಕೊಂಡಿದ್ದವು, ಕೊಡೆಯ ಅರ್ಧದಷ್ಟು, ಅದಕ್ಕಿಂತ ಹೆಚ್ಚಿಲ್ಲ. ಇಳಿಬಿಸಿಲು ಅವುಗಳ ಮೂಲಕ ಸೋಸಿ ಬಂದು ಅವಳ ಮುಖ, ಕುತ್ತಿಗೆ, ನಾಳೆ ಕುಯ್ಯಬೇಕಿದ್ದ ಎದೆಯ ತನಕ ಹಸಿರು ಮಾಡಿತು. ಅವಳು ಬಸ್ಸು ತಪ್ಪಿಸಿಕೊಂಡ ಹುಡುಗಿಯಂತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಡೆಸ್ಮಂಡ್ ಅವಳ ಪಕ್ಕ ಮಲಗಿದ. ಅವನಿಗೆ ಹೆದರಿಕೆಯಾಗುತ್ತಿತ್ತು.

"ಡೆಸ್."

"ಹ್ಞೂಂ?"

"ಇದು ಇಡೀ ಬೇಸಿಗೆ ತಲೆಕೆಳಗಾಗಿ ಹೂತಿದ್ದು ಎದ್ದು ಬಂದಿದೆ. ಮೇಲಿಂದ ನೀನು ಬೇರೆ ತುಳೀತಿದ್ದೆ. ನಾನು ಒಂದು ಮಧ್ಯಾಹ್ನ ಮಲಗಿ ಏಳೋದೇನು ದೊಡ್ಡದು?"

ಅವನು ಅವಳ ಕೈ ಹಿಡಿದುಕೊಂಡ.

"ಒಂದೇ ಒಂದು ಕೆಲಸ ಮಾಡು," ಎಂದಳು ಮಾವಿಸ್, ಗರಿಗಳಿಂದ ಕಣ್ಣು ತೆಗೆಯದೆ. "ನನ್ನ ತಲೆ ಯಾವ ಕಡೆ ಅಂತ ಡಾಕ್ಟರ್ ಹತ್ರ ಮೊದ್ಲೇ ಕೇಳ್ಕೋ."