ಗಿರಣಿ ಮನೆಯ ದನಿ

ತೀರಿಕೊಂಡ ಅಪ್ಪನನ್ನು ಮಲಗಿಸಲು ಜಾಗ ಮಾಡಬೇಕಿತ್ತು. ಮಗಳು ಹಿಟ್ಟಿನ ಗಿರಣಿಯ ನೆಲವನ್ನು ಒಂದು ಕಡೆಯಿಂದ ಗುಡಿಸುತ್ತ ಬಂದಳು. ಎಷ್ಟು ಗುಡಿಸಿದರೂ ಕಾಲಡಿಯಲ್ಲಿ ಹಿಟ್ಟು.

“ಬಿಡಮ್ಮ, ಹಿಟ್ಟಿಲ್ಲದ ಕಡೆ ಅವನಿಗೆ ನಿದ್ದೆ ಬರಲ್ಲ,” ಎಂದ ಚಿಕ್ಕಪ್ಪ, ಬೀದಿಗೆಲ್ಲ ಕೇಳುವ ಹಾಗೆ. ಆ ಮನೆಯಲ್ಲಿ ಎಲ್ಲರ ದನಿಯೂ ಹಾಗೇ. ಹಗಲೆಲ್ಲ ಗಡಗಡ ಎನ್ನುವ ಗಿರಣಿ, ಅದರ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಉಪ್ಪು ಕೇಳಬೇಕಾದರೂ ಕೂಗಬೇಕು. ಅಪ್ಪನ ಕಿವಿಯಂತೂ ಎಂದೋ ಮಂದವಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಹಾಲಿನವನು ಮೂಗೊರೆಸಿಕೊಂಡ. “ಮೊನ್ನೆ ತಾನೇ ನನಗೆ ಬೈದ್ರು. ಹಾಲಿಗೆ ನೀರು ಹಾಕ್ತೀಯೋ, ನೀರಿಗೆ ಹಾಲು ಹಾಕ್ತೀಯೋ ಅಂತ. ಇಡೀ ಬೀದಿಗೆ ಕೇಳಿಸ್ತು. ಅವತ್ತು ನನಗೆ ವ್ಯಾಪಾರವೇ ಇಲ್ಲ.”

ಅಳುತ್ತಿದ್ದವರೂ ನಕ್ಕರು. ಮಗಳು ಮಾತ್ರ ಪೊರಕೆ ಹಿಡಿದು ನಿಂತೇಬಿಟ್ಟಳು. ತನ್ನ ಜೊತೆ ಅಪ್ಪ ದನಿಯೆತ್ತಿ ಮಾತಾಡಿ ಎಷ್ಟು ವರ್ಷವಾಯಿತು?

*

ಕಾಲೇಜಿನ ಮೊದಲ ದಿನ ಹಾಜರಿ ಕರೆದಾಗ ಅವಳು ಮನೆಯಲ್ಲಿ ಓಗೊಡುವಂತೆಯೇ ಓಗೊಟ್ಟಿದ್ದಳು. ತರಗತಿಗೆ ತರಗತಿಯೇ ನಕ್ಕಿತು. ಸಂಜೆಯೊಳಗೆ ‘ಮೈಕಾಸುರಿ’ ಎಂಬ ಹೆಸರು ಬಿತ್ತು. ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಬಂದವಳು ಡಾಕ್ಟರ ಮಗಳು. ಪುಸ್ತಕದ ಹಾಳೆ ಮಗುಚಿದರೂ ಕೇಳಿಸುವಂಥ ಮನೆಯವಳು. ಅವಳು ಪಿಸುಗುಟ್ಟಿದರೆ ಜನ ಬಾಗಿ ಕೇಳುತ್ತಿದ್ದರು. ಇವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಒಂದು ಭಾನುವಾರ ಅಪ್ಪ ಬಂದ. ಅಂಗಳದಲ್ಲಿ ನಿಂತು, “ಮಗಳೇ, ಹೊಟ್ಟೆ ತುಂಬ ತಿಂತಿದ್ದೀಯೇನೇ?” ಎಂದು ಕೂಗಿದ. ಎಲ್ಲ ಮಹಡಿಗಳಿಂದ ತಲೆಗಳು ಇಣುಕಿದವು. ಓಡಿಬಂದವಳು ಅಪ್ಪನ ಬಾಯಿಯ ಮೇಲೆ ಕೈಯಿಟ್ಟಳು. “ಮೆತ್ತಗೆ ಅಪ್ಪ, ದಮ್ಮಯ್ಯ.”

ಅಪ್ಪನಿಗೆ ಮಾತು ಕೇಳಿಸಲಿಲ್ಲ. ಕೈ ಅರ್ಥವಾಯಿತು.

ಆಮೇಲೆ ಅವಳ ಜೊತೆ ಅವನದು ಎರಡೇ ಮಾತು, ಅದೂ ತುಟಿಯಂಚಿನಲ್ಲಿ.

*

“ಚಿಕ್ಕಪ್ಪ, ಅಪ್ಪನಿಗೆ ನನ್ನ ಮೇಲೆ ಕೊನೇತನಕ ಸಿಟ್ಟಿತ್ತಾ?”

“ಏನಂದೆ? ಗಟ್ಟಿಯಾಗಿ ಹೇಳು.”

ಅವಳು ಇನ್ನೊಮ್ಮೆ ಕೇಳಿದಳು.

“ಸಿಟ್ಟಾ? ಹುಚ್ಚಿ. ನೀನು ಬರ್ತೀಯ ಅಂದ್ರೆ ನನ್ನ ಪ್ರಾಣ ತಿಂತಿದ್ದ. ಅವನ ದನಿ ಅವನಿಗೇ ಕೇಳಿಸಲ್ವಲ್ಲ. ಗಿರಣಿ ನಿಲ್ಲಿಸಿ, ನನ್ನ ಎದುರಿಗೆ ಕೂರಿಸ್ಕೊಂಡು, ‘ಹೇಗಿದ್ದೀಯಮ್ಮ’ ಅಂತ ಮೆತ್ತಗೆ ಅಂದು ನೋಡೋದು. ‘ಜಾಸ್ತಿ ಆಯ್ತೇನೋ? ಈಗ? ಕಾಲೇಜು ಓದಿದವರ ಮುಂದೆ ನಡಿಯುತ್ತಾ ಇದು?’ ಗಿರಾಕಿಗಳು ಹೊರಗೆ ಡಬ್ಬ ಹಿಡ್ಕೊಂಡು ಕಾಯೋರು. ಎರಡು ಮಾತು ಹೇಗೋ ಸರಿ ಬಂತು. ಮುಂದಿನದಕ್ಕೆ ದನಿ ಏರಿಬಿಡೋದು. ಅದಕ್ಕೇ ಎರಡಕ್ಕೇ ನಿಲ್ಲಿಸ್ತಿದ್ದ.”

ಹೊರಡುವ ಹೊತ್ತಾಯಿತು. ನಾಲ್ವರು ಬಗ್ಗಿ ಅಪ್ಪನನ್ನು ಎತ್ತಿದರು.

“ಅಪ್ಪಾ,” ಎಂದಳು ಮಗಳು. ಯಾರಿಗೂ ಕೇಳಿಸಲಿಲ್ಲ. ಅವಳು ಎದೆ ತುಂಬ ಉಸಿರೆಳೆದುಕೊಂಡಳು.

“ಅಪ್ಪಾ, ನಾನು ಬಂದಿದ್ದೀನಿ. ಬಸ್ಸು ತಡವಾಯ್ತು ಕಣಪ್ಪಾ. ಕಿಟಕಿ ಪಕ್ಕ ಸೀಟು ಸಿಕ್ತು. ನಿನ್ನ ಮೊಮ್ಮಗಳಿಗೆ ಜ್ವರ ಬಿಟ್ಟಿದೆ...”

ಎತ್ತಿದವರು ಹೆಗಲಿಗೇರಿಸಲಿಲ್ಲ. ಅಪ್ಪನನ್ನು ಸೊಂಟದೆತ್ತರದಲ್ಲಿ ಹಿಡಿದುಕೊಂಡು, ಅವಳ ಮಾತು ಮುಗಿಯಲೆಂದು ನಿಂತರು.