ಒಂದು ಮೂಲಿ ತೊಯ್ಸಿ ನೋಡ್ರಿ

ಸಿಟ್ಟು ಬಂದರೆ ನುಂಗಿಕೊಂಡು ಕೂರುವ ಸ್ವಭಾವ ರಾಜಶ್ರೀಯದಲ್ಲ. ರಬಕವಿಯ ನೇಕಾರರ ಮನೆಯಲ್ಲಿ, ಮಗ್ಗದ ಸದ್ದಿನ ಮೇಲೆ ದನಿ ಏರಿಸಿಯೇ ಮಾತು ಕಲಿತವಳು. ಅಂಥವಳು ಆ ದಿನ ಜಮಖಂಡಿಯ ಕಾಲೇಜಿನಲ್ಲಿ, ಅಚ್ಚಾಗಿ ಬಂದ ತನ್ನ ಸಂಶೋಧನೆಯ ವರದಿಯನ್ನು ತಿರುವಿ ಹಾಕಿದವಳೇ ಅದನ್ನು ಹಿಡಿದು ಮಾರ್ಗದರ್ಶಕರ ಕೋಣೆಗೆ ನುಗ್ಗಿದಳು.

ವರ್ಷಗಟ್ಟಲೆ ಅವಳು ಹಿಮಾಲಯದ ಒಂದು ಹಿಮನದಿಯನ್ನು ಉಪಗ್ರಹದ ಚಿತ್ರಗಳಲ್ಲಿ ಅಳೆದಿದ್ದಳು. ಹೊಸದಾಗಿ ಬಿದ್ದ ಹಿಮ ಕಣ್ಣಿಗೆ ಮೋಸ ಮಾಡಬಾರದೆಂದು ಬೇಸಿಗೆ ಮುಗಿಯುವ ಹೊತ್ತಿನ ಚಿತ್ರಗಳನ್ನೇ ಆರಿಸಿ, ಅಂಚಿನ ಸುತ್ತ ಗೆರೆ ಎಳೆದಿದ್ದಳು. ವಿಸ್ತೀರ್ಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟಕ್ಕೇ ಬಿಡದೆ, ಉಪಗ್ರಹಗಳು ಇಪ್ಪತ್ತು ವರ್ಷದ ಹಿಂದೆ ಅಳೆದ ಹಿಮದ ಎತ್ತರದಿಂದ ಇಂದು ಅಳೆದ ಎತ್ತರವನ್ನು ಕಳೆದು ನೋಡಿದಳು. ಮೈತುಂಬ ಕಲ್ಲುಮಣ್ಣು ಹೊದ್ದು ಮಲಗಿದ್ದ ಆ ಹಿಮನದಿ ಅಂಚು ಕದಲಿಸದೆಯೇ ಕೆಳಕ್ಕೆ ಕುಸಿದಿತ್ತು. ಇಪ್ಪತ್ತು ವರ್ಷದಲ್ಲಿ ಮೂರಂತಸ್ತಿನ ಮನೆಯಷ್ಟು ದಪ್ಪ ಕರಗಿ ಹೋಗಿತ್ತು.

ಆ ಅಧ್ಯಾಯವೇ ವರದಿಯಲ್ಲಿಲ್ಲ! ‘ಹಿಮನದಿ ಸ್ಥಿರವಾಗಿದೆ’ ಎಂಬ ಸಾಲು ಮಾತ್ರ ಇತ್ತು, ಕೆಳಗೆ ಅವಳ ಹೆಸರು. ಆ ಸಾಲನ್ನು ನಂಬಿ ಒಂದು ಕಂಪನಿ ಅಲ್ಲಿ ಅಣೆಕಟ್ಟು ಕಟ್ಟುವುದಿತ್ತು. ಮೊಮ್ಮಕ್ಕಳ ಕಾಲಕ್ಕೂ ನೀರಿಗೆ ಬರವಿಲ್ಲ ಎಂದು ಕೆಳಗಿನ ಹಳ್ಳಿಗಳಿಗೆ ಮಾತು ಕೊಡುವುದಿತ್ತು.

ಅವಳ ಮಾರ್ಗದರ್ಶಕರಾದ ಚಿದಾನಂದ ಸರ್ ಬನಹಟ್ಟಿಯ ಸೀರೆ ವ್ಯಾಪಾರಿಗಳ ಮನೆಯವರು. ಮಾತು ಬೆಣ್ಣೆಯಂತೆ.

“ಸರ್, ದಪ್ಪದ ಲೆಕ್ಕ ಎಲ್ಲಿ ಹೋತ್ರಿ?”

“ಅದನ್ನ ಕೇಳಿದವ್ರು ಯಾರವಾ? ಕಂಪನಿಯವ್ರು ವಿಸ್ತೀರ್ಣ ಕೇಳಿದ್ರು, ಕೊಟ್ಟೇವಿ. ಅದರಾಗ ಸುಳ್ಳು ಏನೈತಿ?”

“ಅರ್ಧ ಖರೆ ಹೇಳಿ ಅರ್ಧ ಮುಚ್ಚಿಟ್ರ ಅದು ಸುಳ್ಳಲ್ಲೇನ್ರಿ?”

ಸರ್ ನಕ್ಕರು. “ನಿನ್ನ ಪಿಎಚ್‌ಡಿಗೆ ನನ್ನ ಸಹಿ ಇನ್ನೂ ಆಗಿಲ್ಲ, ನೆನಪಿರ್ಲಿ. ಮಧ್ಯಾಹ್ನ ವರದಿ ಬಿಡುಗಡೆ ಐತಿ, ವೇದಿಕಿ ಮ್ಯಾಲೆ ನಿನಗ ಸನ್ಮಾನ ಐತಿ. ನಕ್ಕೋಂತ ಬಾ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳುವುದು? ಹೊರಗೆ ಬಂದು ತಾಯಿ ಇಂದ್ರವ್ವನಿಗೆ ಫೋನ್ ಹಚ್ಚಿದಳು. ಇಂದ್ರವ್ವ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟಳು. “ಸಹಿ ಆಗೂತನಕ ಸುಮ್ನ ಇರವಾ. ನಿನಗ ಕೈ ಮುಗೀತೀನಿ.”

“ಆತು ಬೇ,” ಎಂದಳು ರಾಜಶ್ರೀ. ಖರೆಯಾಗಿಯೂ ಸುಮ್ಮನಿರಬೇಕೆಂದೇ ವೇದಿಕೆ ಹತ್ತಿದಳು.

ಸರ್ ಪರದೆಯ ಮೇಲೆ ನಕಾಶೆ ತೋರಿಸಿದರು. ಹಳೆಯ ಅಂಚಿನ ಗೆರೆಯ ಮೇಲೆಯೇ ಹೊಸ ಅಂಚಿನ ಗೆರೆ. ಸಭೆ ಚಪ್ಪಾಳೆ ತಟ್ಟಿತು. ರಾಜಶ್ರೀ ಹಲ್ಲು ಕಚ್ಚಿ ಕೂತಳು. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಕಂಪನಿಯ ಅಧಿಕಾರಿ ಅವಳ ಕೈಗೆ ಸನ್ಮಾನದ ಸೀರೆ ಕೊಟ್ಟರು. ಪೊಟ್ಟಣದ ಮೇಲೆ ಸರ್ ಅವರ ಮನೆತನದ ಅಂಗಡಿಯ ಹೆಸರಿತ್ತು.

ಸೀರೆ ಹಪ್ಪಳದಂತೆ ಗರಿಗರಿಯಾಗಿತ್ತು. ಬೆರಳು ತಾಗಿದ ಕೂಡಲೇ ಅವಳಿಗೆ ತಿಳಿಯಿತು: ಎಳೆ ಕಡಿಮೆ, ಗಂಜಿ ಹೆಚ್ಚು. ಅವಳ ಮನೆಯಲ್ಲಿ ಯಾವ ಸೀರೆಯನ್ನೂ ಹಾಗೆಯೇ ಒಪ್ಪುವುದಿಲ್ಲ. ಒಂದು ಮೂಲೆ ತೊಯ್ಸಿ, ಗಂಜಿ ತಿಕ್ಕಿ ತೆಗೆದು, ಬೆಳಕಿಗೆ ಹಿಡಿದು ನೋಡಬೇಕು. ಇದು ಬನಹಟ್ಟಿಯ ವ್ಯಾಪಾರಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ನೇಕಾರರ ಮಗಳ ಕೈಗೇ ಇಂಥದ್ದನ್ನು ಕೊಡುವಷ್ಟು ಸೊಕ್ಕೇ? ಏನು ಕೊಟ್ಟರೂ ಇವಳು ಬಾಯಿ ಮುಚ್ಚಿಕೊಂಡು ಉಡುತ್ತಾಳೆ ಎಂದುಕೊಂಡರೇ? ಅವ್ವನಿಗೆ ಕೊಟ್ಟ ಮಾತು ಅಲ್ಲಿಗೇ ಸುಟ್ಟುಹೋಯಿತು.

ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಆ ಸೀರೆಯ ಸೆರಗಿನ ಮೂಲೆಗೆ ಸುರಿದಳು. ಎರಡೂ ಕೈಯಿಂದ ತಿಕ್ಕಿದಳು. ಗಂಜಿ ಬೆಳ್ಳಗೆ ಇಳಿದು ವೇದಿಕೆಯ ಹಾಸಿನ ಮೇಲೆ ತೊಟ್ಟಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದಾಗ ಬಟ್ಟೆ ಸೊಳ್ಳೆಪರದೆಯಂತೆ ಕಂಡಿತು. ಸಭೆಯಲ್ಲಿದ್ದವರು ಕತ್ತು ಚಾಚಿ ನೋಡಿದರು. ಅಲ್ಲಿ ಕೂತವರಲ್ಲಿ ಅರ್ಧ ಜನ ನೇಕಾರರೇ.

“ಸಾಹೇಬ್ರ, ಈ ಸೀರಿ ಅಳದು ನೋಡ್ರಿ,” ಎಂದು ಅಧಿಕಾರಿಯ ಕಡೆ ತಿರುಗಿದಳು. “ಉದ್ದ ಸರಿ ಐತಿ, ಅಗಲ ಸರಿ ಐತಿ. ನಿಮ್ಮ ಕೈಯಾಗಿನ ವರದಿನೂ ಹಿಂಗ ಐತಿ. ಮ್ಯಾಲಿಂದ ನೋಡಿದ್ರ ಹಿಮ ಅಲ್ಲೇ ಐತ್ರಿ, ದಪ್ಪ ಕರಗಿ ಹೋಗೇತಿ. ಎಷ್ಟು ಹೋಗೇತಿ ಅಂತ ನಾ ಅಳದೇನಿ. ಇವ್ರು ಅದನ್ನ ತಗದು ಹಾಕ್ಯಾರ.”

ಸರ್ ಹತ್ತಿರ ಬಂದು ಹಲ್ಲು ಕಡಿದರು. “ಸಹಿ ಮರತ್ಬಿಡು. ವರದಿಯಾಗಿಂದ ನಿನ್ನ ಹೆಸರೂ ತಗೀತೀನಿ.”

“ಸಹಿ ಬ್ಯಾಡ್ರಿ. ಹೆಸರು ತಗಿಯಾಕ ಬರೂದಿಲ್ಲ, ಅಳದಾಕಿ ನಾನು,” ಎಂದು ಮೈಕಿನಲ್ಲೇ ಹೇಳಿ ತೊಯ್ದ ಸೀರೆಯನ್ನು ಅವರ ಹೆಗಲಿಗೆ ಹೊದಿಸಿದಳು.

ಅಧಿಕಾರಿ ವರದಿ ಮುಚ್ಚಿ ಕೆಳಗಿಟ್ಟರು. “ದಪ್ಪದ ಲೆಕ್ಕ ತೋರಿಸಮ್ಮ,” ಎಂದರು.

ಸಂಜೆ ರಬಕವಿಯ ಬಸ್ಸಿಗೆ ಕಾಯುತ್ತಿದ್ದಾಗ ಇಂದ್ರವ್ವನ ಫೋನ್ ಬಂತು. “ಸುಮ್ನ ಇದ್ದಿ ಹೌದಿಲ್ಲೋ? ಸಹಿ ಆತೇನ?”

“ಇಲ್ಲ ಬೇ. ಸಹಿ ಹೋತು. ನನಗ ಗಂಜಿ ಸೀರಿ ಕೊಟ್ರು ಬೇ.”

ಆ ಕಡೆ ಇಂದ್ರವ್ವ ಮಗ್ಗ ನಿಲ್ಲಿಸಿದಳು.

“ಮೂಲಿ ತೊಯ್ಸಿದಿ?”

“ತೊಯ್ಸಿದೆ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ.”

“ಹಂಗಾದ್ರ ಲಗೂನ ಬಾ. ರೊಟ್ಟಿ ಬಡೀತೀನಿ,” ಎಂದಳು ಇಂದ್ರವ್ವ.